ಕುಲುಮೆಗೆ ನೆರಳೇಕೆ ಬೇಕು

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಶಹಾಪುರದ ಬಯಲಿಗೆ 600 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕಬ್ಬಿಣದ ಪಟ್ಟಿಯೊಂದನ್ನು ತಂದಿಡಿ. ಅದು ಕಪ್ಪಾಗಿಯೇ ಕಾಣುತ್ತದೆ. ಗೊತ್ತಿಲ್ಲದವರು ತಣ್ಣಗಿದೆ ಎಂದುಕೊಂಡು ಕೈಯಿಂದ ಮುಟ್ಟಿಯೂ ಬಿಡಬಹುದು. ಅದೇ ಪಟ್ಟಿಯನ್ನು ಕಂಬಾರರ ಕುಲುಮೆಯ ಒಳಮೂಲೆಗೆ ಒಯ್ದರೆ ಮಂದ ಕೆಂಪಿಗೆ ಬೆಳಗುತ್ತದೆ. ಈ ಸೀಮೆಯ ಹಳೆಯ ಕುಲುಮೆಗಳ ಮಾಡು ತಗ್ಗಾಗಿ, ಒಳಗೆ ಅರೆಗತ್ತಲು ಇರುವುದಕ್ಕೆ ಬಡತನವೊಂದೇ ಕಾರಣವಲ್ಲ. ಕಬ್ಬಿಣದ ಕಾವನ್ನು ಕಣ್ಣಿನಿಂದ ಅಳೆಯುವವನಿಗೆ ನೆರಳು ಒಂದು ಸಲಕರಣೆ.

ಚಾಕು ಮಾಡಲು ಕಲಿಯಬೇಕೆಂದು ಬರುವ ಹೊಸಬರು ಮೊದಲು ಕೇಳುವುದು ಸುತ್ತಿಗೆ ಎಷ್ಟು ತೂಕದ್ದಿರಬೇಕು, ಅಡಿಗಲ್ಲು ಎಲ್ಲಿ ಸಿಗುತ್ತದೆ, ಸಾಣೆ ಯಂತ್ರಕ್ಕೆ ಎಷ್ಟು ದುಡ್ಡು ಎಂದು. ಕೈ ಪಳಗಿದವರು ಅದಕ್ಕಿಂತ ಮೊದಲು ಬೆಂಕಿಯ ಮುಂದೆ ಕೂರಿಸುತ್ತಾರೆ. ಅವರದೇ ಸರಿ. ಚಾಕುವಿನ ಆಕಾರವನ್ನು ಒಂದು ಅರ ಹಿಡಿದು ತಿಕ್ಕಿಯೂ ತರಬಹುದು, ಸುತ್ತಿಗೆಯೇ ಬೇಕೆಂದಿಲ್ಲ. ಆದರೆ ಆ ಆಕಾರ ಈರುಳ್ಳಿ ಹೆಚ್ಚುವ ಅಲಗಾಗುವುದು, ನಾಲ್ಕು ದಿನಕ್ಕೇ ಮೊಂಡಾಗದೆ ನಿಲ್ಲುವುದು, ಕಾಯಿಸುವ ಮತ್ತು ತಣಿಸುವ ಕೆಲವೇ ನಿಮಿಷಗಳಲ್ಲಿ. ಅಲ್ಲಿ ತಪ್ಪಿದರೆ ಎಷ್ಟು ಅಂದದ ಹಿಡಿ ಹಾಕಿದರೂ ಕೈಗೆ ಬರುವುದು ಚಾಕುವಿನ ಆಕಾರದ ಕಬ್ಬಿಣ ಮಾತ್ರ.

ಕಾದ ವಸ್ತು ಯಾವುದೇ ಇರಲಿ, ಒಂದೇ ಕಾವಿನಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ಬೆಳಗುತ್ತದೆ ಎಂಬುದನ್ನು 1792ರಲ್ಲಿ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಗುರುತಿಸಿದ. 1847ರಲ್ಲಿ ಅಮೆರಿಕದ ಜಾನ್ ವಿಲಿಯಂ ಡ್ರೇಪರ್, ಕತ್ತಲಲ್ಲಿ ಕಣ್ಣಿಗೆ ಮೊದಲ ಕೆಂಪು ಕಾಣುವುದು ಸುಮಾರು 525 ಡಿಗ್ರಿಗೆ ಎಂದು ಅಳೆದ. ಅಲ್ಲಿಂದ ಮೇಲಕ್ಕೆ 750ರಿಂದ 800ರ ನಡುವೆ ತುಂಬುಗೆಂಪು, 900 ದಾಟಿದ ಮೇಲೆ ಕಿತ್ತಳೆ, 1,050ರ ಆಚೆ ಹಳದಿ. ಇನ್ನೂ ಏರಿ ಬೆಳ್ಳಗಾಗಿ ಕಿಡಿ ಉದುರತೊಡಗಿತೆಂದರೆ ಕಬ್ಬಿಣವೇ ಉರಿಯುತ್ತಿದೆ ಎಂದರ್ಥ. ಆ ತುಂಡನ್ನು ಯಾವ ಉಪಚಾರದಿಂದಲೂ ಉಳಿಸಲಾಗದು, ಸುಟ್ಟ ಭಾಗವನ್ನು ಕತ್ತರಿಸಿ ಎಸೆಯಬೇಕು. ಶಹಾಪುರ, ಸುರಪುರದ ಬಿಸಿಲಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಇಲ್ಲೇ ಇದೆ. ಅಂಗಳದಲ್ಲಿ ಒಲೆ ಹೂಡಿ, ಕೆಂಪು ಕಾಣಲಿಲ್ಲವೆಂದು ಗಾಳಿ ಊದುತ್ತಾ ಹೋಗುತ್ತಾರೆ. ಕೆಂಪು ಕಣ್ಣಿಗೆ ಕಾಣುವಷ್ಟರಲ್ಲಿ ಉಕ್ಕು ಬೇಕಾದ್ದಕ್ಕಿಂತ 100 ಡಿಗ್ರಿಯಾದರೂ ಹೆಚ್ಚು ಕಾದಿರುತ್ತದೆ. ಆದ್ದರಿಂದ ಸಲಕರಣೆಗಿಂತ ಮೊದಲು ಜಾಗ ನೋಡಿಕೊಳ್ಳಬೇಕು. ಗಾಳಿಯಾಡುವ, ಆದರೆ ನೇರ ಬೆಳಕು ಬೀಳದ ಒಂದು ಮೂಲೆ ಸಾಕು. ಅದೂ ಇಲ್ಲದಿದ್ದರೆ ಹೊತ್ತು ಮುಳುಗಿದ ಮೇಲೆ ಕೆಲಸ ಮಾಡಬೇಕು.

ಕಂಬಾರಿಕೆಯ ಮನೆಗಳಲ್ಲಿ ಹೊಸಬರ ಕೈಗೆ ಮೊದಲು ಸಿಗುತ್ತಿದ್ದುದು ತಿದಿ. ಊರೂರು ತಿರುಗಿ ಕೆಲಸ ಮಾಡುವ ಘಿಸಾಡಿ ಕುಟುಂಬಗಳಲ್ಲಿ ಹೆಂಗಸರು ತಿದಿ ಊದುವುದಷ್ಟೇ ಅಲ್ಲ, ಚಮ್ಮಟಿಗೆಯನ್ನೂ ಎತ್ತಿ ಹೊಡೆಯುತ್ತಾರೆ. ತಿದಿಯ ಕೆಲಸವನ್ನು ಬರೀ ಚಾಕರಿ ಎಂದು ತಿಳಿಯುವುದು ತಪ್ಪು. ಇದ್ದಿಲ ಬೆಂಕಿಯಲ್ಲಿ ಮೂರು ಬಗೆಯ ಜಾಗಗಳಿವೆ. ಗಾಳಿ ನುಗ್ಗುವ ಬಾಯಿಯ ಹತ್ತಿರ ಆಮ್ಲಜನಕ ಹೆಚ್ಚು, ಅಲ್ಲಿ ಇಟ್ಟರೆ ಉಕ್ಕಿನ ಮೈಮೇಲೆ ಕಿಟ್ಟ ಕಟ್ಟುತ್ತದೆ, ಮೇಲ್ಪದರದ ಇಂಗಾಲವೂ ಸುಟ್ಟುಹೋಗುತ್ತದೆ. ಮೇಲ್ಗಡೆ ಕಾವು ಸಾಲದು. ಇವೆರಡರ ನಡುವೆ, ಇದ್ದಿಲು ಆಮ್ಲಜನಕವನ್ನೆಲ್ಲ ತಿಂದು ಮುಗಿಸಿದ ಹೊಟ್ಟೆಯ ಭಾಗದಲ್ಲಿ ಅಲಗನ್ನು ಇಡಬೇಕು. ಯಾವ ಗಾಳಿಗೆ ಯಾವ ಬಣ್ಣ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ತಿದಿ ಒತ್ತಿದ ಕೈಗೆ ತಾನಾಗಿ ಗೊತ್ತಾಗುತ್ತಿತ್ತು. ಈಗ ವಿದ್ಯುತ್ ಬ್ಲೋವರ್ ಬಂದಿದೆ. ಗುಂಡಿ ಒತ್ತಿದರೆ ಗಾಳಿ ಬರುತ್ತದೆ, ಆ ಅರಿವು ಬರುವುದಿಲ್ಲ. ಬ್ಲೋವರ್ ಇಟ್ಟುಕೊಂಡವರು ಗಾಳಿಯನ್ನು ತಗ್ಗಿಸುವ ಒಂದು ಮುಚ್ಚಳವನ್ನಾದರೂ ಕೂರಿಸಿಕೊಳ್ಳಲಿ.

ಈ ನೆಲಕ್ಕೆ ಕಬ್ಬಿಣ ಹೊಸದಲ್ಲ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಬೃಹತ್ ಕಲ್ಲುಗಳಿವೆ, ಸುರಪುರದ ಕಡೆಯ ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಯ ಗೋರಿಗಳಿವೆ. 1841ರಿಂದ ಹತ್ತಕ್ಕೂ ಹೆಚ್ಚು ವರ್ಷ ಸುರಪುರದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಇಂಥ ಗೋರಿಗಳನ್ನು ಜೇವರ್ಗಿಯ ಬಳಿ ಅಗೆಸಿದಾಗ ಮಡಕೆ, ಮೂಳೆಗಳ ಜೊತೆಗೆ ಕಬ್ಬಿಣದ ಮೊನೆಗಳೂ ಸಿಕ್ಕವು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣ ಕ್ರಿಸ್ತಪೂರ್ವ 1000ದ ಸುಮಾರಿನದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚಿನ್ನರಾಯನದುರ್ಗದ ಕಡೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ಬರೆದಿಟ್ಟ. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಇಳಿಯುತ್ತಿತ್ತು. ದಕ್ಷಿಣ ಭಾರತದ ಆ ಮೂಸೆ ಉಕ್ಕನ್ನು 1819ರಲ್ಲಿ ಪರೀಕ್ಷೆಗೆ ಎತ್ತಿಕೊಂಡವನು ಮೈಕೆಲ್ ಫ್ಯಾರಡೆ. ಅವನ ತಂದೆಯೂ ಕಮ್ಮಾರ.

ಕಬ್ಬಿಣವನ್ನು ಉಕ್ಕಾಗಿಸುವುದು ಇಂಗಾಲ ಎಂದು ಖಚಿತವಾಗಿ ತೋರಿಸಿದ್ದು 1786ರಲ್ಲಿ, ಮೂವರು ಫ್ರೆಂಚ್ ವಿಜ್ಞಾನಿಗಳು. ಬೇಕಾಗುವ ಪ್ರಮಾಣ ತೀರ ಸಣ್ಣದು. ಕಿಟಕಿ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಚಾಕುವಿಗೆ ಬೇಕಾದ ಗಡಸು ಬಾರದು. ಮನೆ ಕಟ್ಟುವ ಟಿಎಂಟಿ ಸರಳಿನ ಕಥೆಯೂ ಇದೇ. ಹೊಸಬರು ಎಲ್ಲೆಂದರಲ್ಲಿ ಬಿದ್ದಿರುವ ಈ ಸರಳಿನ ತುಂಡಿಗೇ ಕೈಹಾಕಿ, ವಾರಗಟ್ಟಲೆ ತಿಕ್ಕಿ, ಕೊನೆಗೆ ಅಲಗು ನಿಲ್ಲಲಿಲ್ಲವೆಂದು ತಮ್ಮ ಕೈಯನ್ನೇ ಹಳಿದುಕೊಳ್ಳುವುದನ್ನು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ತಪ್ಪು ಕೈಯದಲ್ಲ, ಸರಕಿನದು. ಲಾರಿ, ಟ್ರ್ಯಾಕ್ಟರ್ ಟ್ರೇಲರಿನ ಕಮಾನು ಪಟ್ಟಿಯಲ್ಲಿ ಇಂಗಾಲ ಶೇಕಡಾ 0.5ರಿಂದ 0.65ರಷ್ಟು ಇರುತ್ತದೆ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. ಕುಡುಗೋಲು, ಕೊಡಲಿ, ದಪ್ಪ ಚಾಕುವಿಗೆ ಇದು ಹೇಳಿಮಾಡಿಸಿದಂಥದ್ದು, ತಪ್ಪನ್ನೂ ಸ್ವಲ್ಪ ಸಹಿಸಿಕೊಳ್ಳುತ್ತದೆ. ಒಳ್ಳೆಯ ಅರದಲ್ಲಿ ಇಂಗಾಲ ಶೇಕಡಾ 1ರ ಮೇಲಿರುತ್ತದೆ. ಅದರಿಂದ ತೆಳು ಅಲಗು ಚೆನ್ನಾಗಿ ಬರುತ್ತದೆ, ಆದರೆ ಸೀಳುವ ಭಯವೂ ಹೆಚ್ಚು.

ಗುಜರಿಯ ಕಮಾನು ಪಟ್ಟಿಗೆ ಒಂದು ಎಚ್ಚರಿಕೆ ಇದೆ. ಎಷ್ಟೋ ವರ್ಷ ಭಾರ ಹೊತ್ತು ಬಾಗಿ ಎದ್ದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿರುತ್ತವೆ. ಚಾಕು ಪೂರ್ತಿಯಾಗಿ, ತಣಿಸುವ ಹೊತ್ತಿನಲ್ಲಿ ಅವು ಬಾಯಿಬಿಡುತ್ತವೆ. ಮುರಿದ ಪಟ್ಟಿಯಾದರೆ ಮುರಿದ ಜಾಗದಿಂದ ದೂರದ ತುಂಡನ್ನು ಆರಿಸಿಕೊಳ್ಳಬೇಕು. ಗ್ಯಾರೇಜಿನಲ್ಲಿ ಹೊಸ ಪಟ್ಟಿಯ ಕತ್ತರಿಸಿದ ತುಂಡು ಸಿಕ್ಕರೆ ಅದೇ ಉತ್ತಮ. ಸರಕು ಯಾವುದೆಂದು ತಿಳಿಯದಿದ್ದರೆ ಸಾಣೆ ಚಕ್ರಕ್ಕೆ ತಾಗಿಸಿ ಕಿಡಿ ನೋಡಬಹುದು. ಮೆದು ಉಕ್ಕಿನ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ, ಇಂಗಾಲ ಹೆಚ್ಚಿದ್ದರೆ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ.

ಈಗ ಉಕ್ಕಿನ ಒಳಗೆ ಹೋಗೋಣ. ಕಬ್ಬಿಣದ ಪರಮಾಣುಗಳು ಘನಾಕೃತಿಯ ಚೌಕಟ್ಟಿನಲ್ಲಿ ಜೋಡಣೆಯಾಗಿರುತ್ತವೆ. ತಣ್ಣಗಿರುವಾಗ ಆ ಚೌಕಟ್ಟಿನ ಎಂಟು ಮೂಲೆಗಳಲ್ಲೂ ನಟ್ಟನಡುವೆಯೂ ಒಂದೊಂದು ಪರಮಾಣು. ಈ ಜೋಡಣೆಯಲ್ಲಿ ಇಂಗಾಲಕ್ಕೆ ಜಾಗವೇ ಇಲ್ಲ ಎನ್ನಬೇಕು. ಶೇಕಡಾ 0.02ಕ್ಕಿಂತ ಹೆಚ್ಚು ಅದು ಒಳಗೆ ಸೇರದು. ಉಳಿದ ಇಂಗಾಲ ಕಬ್ಬಿಣದೊಡನೆ ಕೂಡಿ ಬೇರೆಯೇ ಪದರಗಳಾಗಿ ಕುಳಿತಿರುತ್ತದೆ. ಉಕ್ಕು 727 ಡಿಗ್ರಿ ದಾಟುತ್ತಿದ್ದಂತೆ ಪರಮಾಣುಗಳು ಜಾಗ ಬದಲಿಸತೊಡಗುತ್ತವೆ. ನಡುವಿನ ಪರಮಾಣು ಹೋಗಿ, ಚೌಕಟ್ಟಿನ ಆರು ಮುಖಗಳ ಮೇಲೆ ಒಂದೊಂದು ಬಂದು ಕೂರುತ್ತದೆ. ಆಸ್ಟೆನೈಟ್ ಎಂಬ ಈ ಹೊಸ ಜೋಡಣೆಯ ಸಂದುಗಳಲ್ಲಿ ಇಂಗಾಲ ಧಾರಾಳವಾಗಿ ಕರಗುತ್ತದೆ. ನಿಧಾನ ತಣಿಸಿದರೆ ಇಂಗಾಲ ಹೊರಬಂದು ಮೊದಲಿನಂತೆ ಪದರ ಕಟ್ಟುತ್ತದೆ, ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ತಣಿಸಿದರೆ ಅದಕ್ಕೆ ಹೊರಬರಲು ಪುರಸೊತ್ತಿಲ್ಲ. ಕಬ್ಬಿಣ ಹಳೆಯ ಜೋಡಣೆಗೆ ಮರಳಲು ಹೊರಟಾಗ ಸಂದಿನಲ್ಲಿ ಸಿಕ್ಕಿಬಿದ್ದ ಇಂಗಾಲ ಚೌಕಟ್ಟನ್ನೇ ಒಂದು ದಿಕ್ಕಿಗೆ ಎಳೆದು ಉದ್ದವಾಗಿಸುತ್ತದೆ. ಹೀಗೆ ಬಿಗಿದ ಸ್ಥಿತಿಗೆ ಮಾರ್ಟೆನ್ಸೈಟ್ ಎಂದು ಹೆಸರು, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್‌ನ ನೆನಪಿಗೆ. ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲಾಗದ ಆ ಬಿಗಿತವೇ ಅಲಗಿನ ಗಡಸು.

ಕಂಬಾರರ ಕಣ್ಣು ಹುಡುಕುವುದು ಈ ಜೋಡಣೆ ಬದಲಾಗುವ ಗಳಿಗೆಯನ್ನು. ಹೊಸಬರಿಗೆ ಅದನ್ನು ಹಿಡಿಯಲು ಎರಡು ದಾರಿಗಳಿವೆ. ಒಂದು, ಹಳೆಯ ಸ್ಪೀಕರಿನ ಅಯಸ್ಕಾಂತ. ಕಬ್ಬಿಣ 770 ಡಿಗ್ರಿಗೆ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಪಿಯರ್ ಕ್ಯೂರಿ 1895ರಲ್ಲಿ ವಿವರಿಸಿದ ಈ ಗುಣದಿಂದಾಗಿ, ಕಾದ ಅಲಗಿಗೆ ಅಯಸ್ಕಾಂತ ಅಂಟದಿದ್ದರೆ ನೀವು ಹತ್ತಿರ ಬಂದಿದ್ದೀರಿ ಎಂದು ತಿಳಿಯುತ್ತದೆ. ಕಮಾನು ಪಟ್ಟಿಗಾದರೆ ಅಲ್ಲಿಂದ ಇನ್ನೊಂದು ಛಾಯೆ ಮೇಲಕ್ಕೆ, ಸುಮಾರು 840 ಡಿಗ್ರಿಯವರೆಗೆ ಹೋಗಬೇಕು. ಎರಡನೆಯದು ಇನ್ನೂ ಸೊಗಸಾದದ್ದು, ಕತ್ತಲ ಕುಲುಮೆಯಲ್ಲಿ ಮಾತ್ರ ಕಾಣುವಂಥದ್ದು. ಕಾದ ಅಲಗನ್ನು ಹೊರತೆಗೆದು ಗಾಳಿಗೆ ಹಿಡಿದು ನೋಡುತ್ತಿರಿ. ಬಣ್ಣ ಮಂದವಾಗುತ್ತಾ ಬಂದು, ಒಮ್ಮೆಲೇ ತೆಳುವಾದ ಕಡೆಯಿಂದ ಬೆಳಕು ಮತ್ತೆ ಏರಿ, ಒಂದು ನೆರಳು ಅಲಗಿನ ಉದ್ದಕ್ಕೂ ಸರಿದುಹೋಗುತ್ತದೆ. ಪರಮಾಣುಗಳು ಹಳೆಯ ಜೋಡಣೆಗೆ ಮರಳುವಾಗ ಬಿಟ್ಟುಕೊಡುವ ಶಾಖ ಅದು. ಉಕ್ಕು ತಾನೇ ತನ್ನ ಕಾವನ್ನು ಹೇಳುತ್ತದೆ. ಒಮ್ಮೆ ಇದನ್ನು ಕಂಡವರಿಗೆ ಥರ್ಮಾಮೀಟರಿನ ಮೇಲಿನ ಅವಲಂಬನೆ ಅರ್ಧ ಇಳಿಯುತ್ತದೆ.

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಕಮಾನು ಪಟ್ಟಿಯನ್ನು ಬಡಿದು ತಟ್ಟಲು ಕಿತ್ತಳೆಯಿಂದ ಹಳದಿಯವರೆಗಿನ ಕಾವು ಸರಿ, ತುಂಬುಗೆಂಪಿಗೆ ಇಳಿಯುತ್ತಿದ್ದಂತೆ ಮತ್ತೆ ಬೆಂಕಿಗೆ ಇಡಬೇಕು. ಕೆಂಪು ಆರಿದ ಮೇಲೂ ಇನ್ನೆರಡು ಏಟು ಹಾಕಿಬಿಡೋಣ ಎಂಬ ಆಸೆ ಹೊಸಬರನ್ನು ಬಿಡುವುದಿಲ್ಲ. 250ರಿಂದ 350 ಡಿಗ್ರಿಯ ನಡುವೆ ಉಕ್ಕು ತಣ್ಣಗಿರುವಾಗಿನದಕ್ಕಿಂತಲೂ ಪೆಡಸಾಗಿರುತ್ತದೆ, ಆ ಎರಡು ಏಟು ಒಳಗೆ ಬಿರುಕು ಬಿಡುತ್ತವೆ. ಗಾದೆ ಹೇಳದ ಇನ್ನೊಂದು ಸಂಗತಿಯೂ ಇದೆ. ಹೆಚ್ಚು ಕಾವಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಉಕ್ಕಿನ ಹರಳುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ, ದಪ್ಪ ಹರಳಿನ ಅಲಗು ಚೂರುಚೂರಾಗಿ ಉದುರುತ್ತದೆ. ಅದಕ್ಕೇ ಬಡಿಯುವ ಕೆಲಸ ಮುಗಿದ ಮೇಲೆ ಅಲಗನ್ನು ಮೂರು ಸಲ, ಪ್ರತಿ ಸಲ ಮೊದಲಿಗಿಂತ ಸ್ವಲ್ಪ ಕಡಿಮೆ ಕಾವಿಗೆ ಕಾಯಿಸಿ, ನಿಂತ ಗಾಳಿಯಲ್ಲಿ ತಾನಾಗಿ ಆರಲು ಬಿಡುತ್ತಾರೆ. ಜೋಡಣೆ ಬದಲಾದಾಗಲೆಲ್ಲ ಹೊಸ ಹರಳುಗಳು ಹುಟ್ಟುತ್ತವೆ, ಹರಳು ಸಣ್ಣದಾಗುತ್ತದೆ, ಬಡಿತದಿಂದ ಒಳಗೆ ಉಳಿದ ಎಳೆತವೂ ಸಡಿಲವಾಗುತ್ತದೆ. ಹೊಸಬರು ಅವಸರಕ್ಕೆ ಬಿಟ್ಟುಬಿಡುವ ಹಂತ ಇದೇ, ಅಲಗು ಸೊಟ್ಟಗಾಗುವುದಕ್ಕೆ ದೊಡ್ಡ ಕಾರಣವೂ ಇದೇ.

ತಣಿಸುವ ಮುನ್ನ ಅಲಗಿನ ಅಂಚನ್ನು ಹರಿತ ಮಾಡಬಾರದು. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ದಪ್ಪ ಉಳಿಸಿರಬೇಕು, ಇಲ್ಲದಿದ್ದರೆ ಅಂಚು ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಹಿಡಿಯ ರಿವೆಟ್ಟಿಗೆ ತೂತುಗಳನ್ನು ಈಗಲೇ ಕೊರೆದುಕೊಳ್ಳಬೇಕು, ಆಮೇಲೆ ಡ್ರಿಲ್ ಇಳಿಯುವುದಿಲ್ಲ. ಅಲಗು ಹಿಡಿಗೆ ಸೇರುವ ಮೂಲೆ ಚೌಕವಾಗಿರದೆ ದುಂಡಗಿರಲಿ, ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಸೇರಿ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ನೀರೋ ಎಣ್ಣೆಯೋ? ಕಂಬಾರರ ಮಗ್ಗುಲಲ್ಲಿ ಕಲ್ಲುಬಾನಿಯ ನೀರು ಯಾವಾಗಲೂ ಇರುತ್ತದೆ, ಕುಡ, ಕುಡುಗೋಲು ಅದರಲ್ಲೇ ಹದಗೊಳ್ಳುತ್ತವೆ. ಆದರೆ ನೀರು ಕೈ ಪಳಗಿದವರಿಗೆ. ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವಾಗ ಉಕ್ಕಿನ ಗಾತ್ರ ಶೇಕಡಾ 4ರಷ್ಟು ಹಿಗ್ಗುತ್ತದೆ. ತೆಳುವಾದ ಅಂಚು ಮೊದಲು, ದಪ್ಪ ಬೆನ್ನು ಆಮೇಲೆ. ನೀರು ಈ ಹಿಗ್ಗುವ ಹೊತ್ತಿನಲ್ಲೂ ಅತಿ ಬೇಗ ಶಾಖ ಎಳೆಯುವುದರಿಂದ ಎರಡರ ನಡುವಿನ ಜಗ್ಗಾಟ ಜೋರಾಗಿ, ಟಿಣ್ ಎಂಬ ಒಂದು ಸದ್ದಿನೊಡನೆ ಅಷ್ಟು ದಿನದ ಕೆಲಸ ಹೋಗಿಬಿಡುತ್ತದೆ. ಎಣ್ಣೆ ಅಲ್ಲಿ ನಿಧಾನ. ಕಮಾನು ಪಟ್ಟಿಗೆ ಎಣ್ಣೆಯ ವೇಗವೇ ಸಾಕು. ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುವ ಶೇಂಗಾ ಎಣ್ಣೆ ಇದಕ್ಕೆ ಚೆನ್ನಾಗಿ ಒದಗುತ್ತದೆ. ಗ್ಯಾರೇಜಿನ ಸುಟ್ಟ ಆಯಿಲ್ ಬೇಡ, ಅದರ ಹೊಗೆಯಲ್ಲಿ ಎದೆಗೆ ಕೆಡುಕಾದ ಲೋಹಗಳೂ ವಿಷಗಳೂ ಇರುತ್ತವೆ. ಎಣ್ಣೆಯನ್ನು ಮೊದಲೇ 50–60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಎಣ್ಣೆ ಮಂದವಾಗಿರುವುದರಿಂದ ಅಲಗಿನ ಸುತ್ತ ಹರಿಯದು, ಬೆಚ್ಚಗಿನದು ಹೆಚ್ಚು ಬೇಗ ತಣಿಸುತ್ತದೆ. ಮೊನೆ ಕೆಳಗಾಗಿ ನೆಟ್ಟಗೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಎಡಬಲಕ್ಕೆ ಆಡಿಸಿದರೆ ಒಂದು ಮೈ ಮೊದಲು ತಣಿದು ಅಲಗು ಬಾಗುತ್ತದೆ. ಕೆಲವು ಸೆಕೆಂಡಿನ ನಂತರ ಹೊರತೆಗೆದಾಗ ಸ್ವಲ್ಪ ಸೊಟ್ಟ ಕಂಡರೆ, ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಆಗಲೇ ನೆಟ್ಟಗೆ ಮಾಡಬೇಕು. 250 ಡಿಗ್ರಿಯ ಆಸುಪಾಸಿನವರೆಗೆ ಅದಿನ್ನೂ ಮಾತು ಕೇಳುತ್ತದೆ. ಆಮೇಲೆ ಕೇಳುವುದಿಲ್ಲ, ಮುರಿಯುತ್ತದೆ.

ಎಣ್ಣೆಗೆ ಬೆಂಕಿ ಹತ್ತುವುದು ಸಾಮಾನ್ಯ. ಕಬ್ಬಿಣದ ಆಳವಾದ ಡಬ್ಬಿ, ಅದಕ್ಕೆ ಸರಿಯಾಗಿ ಕೂರುವ ಕಬ್ಬಿಣದ ಮುಚ್ಚಳ ಕೈಗೆಟುಕುವಲ್ಲಿ ಇರಲೇಬೇಕು. ಉರಿಯುವ ಎಣ್ಣೆಗೆ ನೀರು ಸುರಿದರೆ ಎಣ್ಣೆ ಸಿಡಿದು ಮೈಮೇಲೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದನ್ನು ಮಾಡಲು ಹೋಗಬೇಡಿ. ಬಿಳಿಬಿಳಿ ಹೊಳೆಯುವ, ಸತುವು ಬಳಿದ ಪೈಪು ಮತ್ತು ಪಟ್ಟಿಗಳನ್ನು ಕುಲುಮೆಗೆ ಹಾಕಲೇಬಾರದು, ಆ ಹೊಗೆಯಿಂದ ಜ್ವರ, ಮೈನಡುಕ ಬರುತ್ತದೆ. ಸಾಣೆ ಹಿಡಿಯುವಾಗ ಕನ್ನಡಕವೂ ದೂಳು ತಡೆಯುವ ಮಾಸ್ಕೂ ಬೇಕು, ಹಿಡಿಯ ಕಟ್ಟಿಗೆ ತಿಕ್ಕುವಾಗಲೂ ಬೇಕು.

ತಣಿಸಿದ ಅಲಗಿನ ಮೇಲೆ ಅರ ಆಡಿಸಿದರೆ ಹಿಡಿಯದೆ ಜಾರಬೇಕು. ಜಾರಿತೆಂದರೆ ಗಡಸು ಬಂದಿದೆ. ಆದರೆ ಆ ಸ್ಥಿತಿಯಲ್ಲಿ ಅದು ಗಾಜು, ನೆಲಕ್ಕೆ ಬಿದ್ದರೂ ಎರಡಾಗಬಹುದು. ತಡಮಾಡದೆ ಹದ ಇಳಿಸಬೇಕು. ಮನೆಯಲ್ಲಿ ಕೇಕ್ ಬೇಯಿಸುವ ಓವನ್ ಇದ್ದರೆ 200 ಡಿಗ್ರಿಯಲ್ಲಿ ಒಂದೆರಡು ತಾಸು ಇಟ್ಟು, ತಣಿಯಲು ಬಿಟ್ಟು, ಮತ್ತೊಮ್ಮೆ ಅಷ್ಟೇ ಹೊತ್ತು ಇಡಬೇಕು. ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡುವುದು ಒಳ್ಳೆಯದು. ಈ ಕಾವಿನಲ್ಲಿ ಸಿಕ್ಕಿಬಿದ್ದ ಇಂಗಾಲದ ಒಂದು ಪಾಲು ಅತಿ ಸಣ್ಣ ಕಣಗಳಾಗಿ ಹೊರಬಂದು, ಚೌಕಟ್ಟಿನ ಬಿಗಿತ ತುಸು ಇಳಿಯುತ್ತದೆ. ಗಡಸು ಸ್ವಲ್ಪ ಹೋಗುತ್ತದೆ, ತಾಳಿಕೆ ಬಹಳ ಬರುತ್ತದೆ.

ಓವನ್ ಇಲ್ಲದ ಕಂಬಾರರು ಇದನ್ನು ಒಂದೇ ಕಾವಿನಲ್ಲಿ ಮುಗಿಸುವ ರೀತಿ ನೋಡುವಂಥದ್ದು. ಅಂಚನ್ನಷ್ಟೇ ಅದ್ದಿ ತೆಗೆದು, ಕಲ್ಲಿನಿಂದ ಬೇಗಬೇಗ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಅಂಚಿನತ್ತ ಹರಿದುಬರುವುದನ್ನು ಕಾಯುತ್ತಾರೆ. ಉಜ್ಜಿದ ಮೈಮೇಲೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ ಪಟ್ಟೆಗಳು ಸಾಲಾಗಿ ಸರಿಯುತ್ತವೆ. ಗಾಳಿಯ ಆಮ್ಲಜನಕದಿಂದ ಕಟ್ಟುವ ಅತಿ ತೆಳು ಪದರದಲ್ಲಿ ಬೆಳಕು ಎರಡು ಸಲ ಪ್ರತಿಫಲಿಸಿ ಹುಟ್ಟುವ ಬಣ್ಣಗಳಿವು. ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಹಳದಿ ಸುಮಾರು 205ರಿಂದ 230 ಡಿಗ್ರಿ, ನೀಲಿ 300ರ ಹತ್ತಿರ. ಚಾಕುವಿನ ಅಂಚಿಗೆ ಹಳದಿ ಬಂದಾಗ, ಏಟು ತಿನ್ನುವ ಕೊಡಲಿಗೆ ಇನ್ನೂ ಮುಂದಿನ ಬಣ್ಣ ಬಂದಾಗ ಪೂರ್ತಿ ಅದ್ದಿಬಿಡುತ್ತಾರೆ. ಈ ಕೌಶಲಕ್ಕೆ ನನ್ನ ಗೌರವ ಬಹಳ. ಆದರೂ ಹೊಸಬರು ಮೊದಲು ಓವನ್ನಿನಿಂದ ಕಲಿತು, ಆಮೇಲೆ ಈ ವಿದ್ಯೆಗೆ ಬರಲಿ ಎಂದೇ ಹೇಳುತ್ತೇನೆ. ಬಣ್ಣದ ಪಟ್ಟೆ ಅಂಚು ದಾಟಲು ಬೇಕಾಗುವುದು ಕೆಲವೇ ಸೆಕೆಂಡು, ಕೈ ತಡೆದರೆ ಗಡಸೆಲ್ಲ ಇಳಿದುಹೋಗಿರುತ್ತದೆ.

ಇದೇ ಬಣ್ಣಗಳು ಸಾಣೆ ಚಕ್ರದ ಮುಂದೆ ಶತ್ರುಗಳಾಗುತ್ತವೆ. ಹದಗೊಂಡ ಅಲಗನ್ನು ಚಕ್ರಕ್ಕೆ ಒತ್ತಿ ಹಿಡಿದರೆ ತೆಳು ಅಂಚು ಕ್ಷಣದಲ್ಲಿ ನೀಲಿಯಾಗುತ್ತದೆ, ಅಷ್ಟು ಜಾಗದ ಹದ ಹೋಯಿತು. ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗುತ್ತಲೇ ನೀರಿಗೆ ಅದ್ದುತ್ತಾ ಹೋಗಬೇಕು. ಅಡುಗೆ ಚಾಕುವಿಗೆ ಒಂದೊಂದು ಮೈಗೆ 15ರಿಂದ 20 ಡಿಗ್ರಿ ಕೋನ ಸಾಕು. ಹೊಸಬರ ಚಾಕು ಕೊಯ್ಯದಿರುವುದಕ್ಕೆ ಬಹಳ ಸಲ ಕಾರಣ ಅಂಚಿನ ಹರಿತವಲ್ಲ, ಅಂಚಿನ ಹಿಂದಿನ ದಪ್ಪ.

ಮೊದಲ ಕೆಲಸಕ್ಕೆ ಕೈಯಗಲದ ಅಡುಗೆ ಚಾಕುವೋ ಕುರ್ಪಿಯೋ ಇರಲಿ. ಕತ್ತಿ, ಬಾಕುವಿನ ಆಸೆ ಬೇಡ. ಅಲಗು ಉದ್ದವಾದಷ್ಟೂ ಸಮನಾಗಿ ಕಾಯಿಸುವುದು ಕಷ್ಟ. ಮನೆಗೆಲಸ, ಒಕ್ಕಲುತನಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳ ಪಟ್ಟಿಗೆ ಸೇರುತ್ತವೆ ಎಂಬುದೂ ತಿಳಿದಿರಲಿ. ಕಂಬಾರಿಕೆಯನ್ನೇ ಕಸುಬಾಗಿ ಮಾಡುವವರಿಗೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ದಿನಗಳಿಗೆ ಭತ್ಯೆ, ಸಲಕರಣೆಗೆ 15,000 ರೂಪಾಯಿ ಸಿಗುತ್ತದೆ.

ಹಿಡಿ ಹಾಕುವ ಮೊದಲೇ ಅಲಗಿನ ಪರೀಕ್ಷೆ ಮುಗಿಸಿ. ಅಂಗುಲದ ಕಾಲುಭಾಗ ದಪ್ಪದ ಹಿತ್ತಾಳೆ ಸರಳನ್ನು ಮಲಗಿಸಿ, ಅಲಗಿನ ಅಂಚನ್ನು ಓರೆಯಾಗಿ ಅದರ ಮೇಲೆ ಒತ್ತಿ ಎಳೆಯಿರಿ. ಅಂಚು ಸರಳಿನ ಮೇಲೆ ತುಸು ಬಾಗಿ, ದಾಟಿದ ಕೂಡಲೇ ನೆಟ್ಟಗಾದರೆ ಹದ ಸರಿ ಇದೆ. ಚಕ್ಕೆ ಎದ್ದರೆ ಗಡಸು ಹೆಚ್ಚಾಗಿದೆ, 10–15 ಡಿಗ್ರಿ ಏರಿಸಿ ಮತ್ತೊಮ್ಮೆ ಓವನ್ನಿಗಿಡಿ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗಿದೆ, ಕಾಯಿಸಿ ಆರಿಸುವ ಹಂತದಿಂದ ಮತ್ತೆ ಶುರುಮಾಡಬೇಕು. ಇದರ ಜೊತೆಗೆ ಅದೇ ಪಟ್ಟಿಯ ಇನ್ನೊಂದು ಸಣ್ಣ ತುಂಡನ್ನೂ ಅಲಗಿನಂತೆಯೇ ಕಾಯಿಸಿ ತಣಿಸಿ, ಹದ ಇಳಿಸದೆ, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಮುರಿದು ನೋಡಿ. ಮುರಿದ ಮೈ ಕಲ್ಲುಸಕ್ಕರೆಯಂತೆ ಮಿನುಗಿದರೆ ಕಾವು ಮೀರಿದೆ. ಬೂದು ಬಣ್ಣದಲ್ಲಿ, ಹರಳು ಕಣ್ಣಿಗೆ ಕಾಣದಷ್ಟು ನುಣ್ಣಗಿದ್ದರೆ ನೀವು ಬಣ್ಣವನ್ನು ಸರಿಯಾಗಿ ಓದಿದ್ದೀರಿ. ಆ ದಿನದ ಬೆಳಕು, ಇದ್ದಿಲು, ಗಾಳಿ ಹೇಗಿದ್ದವೆಂದು ಬರೆದಿಟ್ಟುಕೊಂಡು ಎರಡನೆಯ ಅಲಗಿಗೆ ಕೈಹಾಕಿ.